ಪೌರಸಂಸ್ಥೆಯಲ್ಲಿ ಮರುಬಳಕೆಯ ಸಂಯೋಜಕ: ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಕುರಿತ ವಿವೇಚನೆ

ಊರಿನಲ್ಲಿ ದಿನದಿನವೂ ಹುಟ್ಟುವ ಕಸವನ್ನು ಊರಾಚೆಗೆ ಸಾಗಿಸುವುದು ಪೌರಸಂಸ್ಥೆಗಳ ಮುಖ್ಯ ಕರ್ತವ್ಯಗಳಲ್ಲೊಂದೆಂದು ಬಹುಕಾಲದಿಂದ ಎಣಿಸಲ್ಪಟ್ಟಿದೆ. ಹಾಗೆ ಸಾಗಿಸಿದ ಕಸವು ಮುಂದೆ ಏನಾಗುತ್ತದೆಂಬ ಪ್ರಶ್ನೆಯಾದರೋ ಈಚಿನದು. ಈ ಎರಡನೆಯ ಪ್ರಶ್ನೆಗೆ ಹೊಣೆಹೊತ್ತು ಉತ್ತರ ಹೇಳಬೇಕಾದ ಅಧಿಕಾರಿಯೇ ಮರುಬಳಕೆಯ ಸಂಯೋಜಕ. ಅವನ ಕೆಲಸವನ್ನು ಕೆಲವರು ಗಾಡಿಗಳ ಮೇಲ್ವಿಚಾರಣೆಯೆಂದೂ, ಮತ್ತೆ ಕೆಲವರು ಬರಿಯ ಪ್ರಚಾರಕಾರ್ಯವೆಂದೂ ಭಾವಿಸುವುದುಂಟು. ಇವೆರಡೂ ಆ ಕೆಲಸದ ಅಂಗಗಳೇ ಸರಿ. ಆದರೆ ಅದರ ಸಾರವು ಬೇರೊಂದೆಡೆಯಲ್ಲಿದೆ. ಯಾವ ವಸ್ತುವು ಎಲ್ಲಿಗೆ ಸಲ್ಲತಕ್ಕುದೆಂಬುದನ್ನು, ಅದು ಇತರ ವಸ್ತುಗಳೊಡನೆ ಬೆರೆತು ಕೆಡುವುದಕ್ಕೆ ಮೊದಲೇ, ನಿರ್ಧರಿಸಿ ನಡೆಯಿಸುವುದೇ ಅವನ ಕಾರ್ಯ. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಊರುಗಳ ನಿದರ್ಶನದಿಂದ ಈ ಕಾರ್ಯದ ಸ್ವರೂಪವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಹೆಸರು ಮತ್ತು ಹುಟ್ಟು

ಕರ್ನಾಟಕದ ಪೌರಸಂಸ್ಥೆಗಳಲ್ಲಿ ಈ ಕೆಲಸವು ಒಬ್ಬನ ಹೆಸರಿನಲ್ಲಿ ನಿಂತಿರುವುದು ಅಪರೂಪ. ಅದು ಹಲವರಲ್ಲಿ ಹಂಚಿಹೋಗಿದೆ. ನಗರಸಭೆಯಲ್ಲಿ ಪೌರಾಯುಕ್ತರ, ಪುರಸಭೆಯಲ್ಲಿ ಮುಖ್ಯಾಧಿಕಾರಿಗಳ ಕೈಕೆಳಗೆ ಪರಿಸರ ಎಂಜಿನಿಯರು, ಆರೋಗ್ಯ ನಿರೀಕ್ಷಕರು, ಸ್ವಸಹಾಯ ಸಂಘಗಳ ವ್ಯವಹಾರವನ್ನು ನೋಡುವ ಸಮುದಾಯ ಸಂಘಟಕರು, ಪೌರಕಾರ್ಮಿಕರ ಮೇಸ್ತ್ರಿಗಳು, ಇವರೆಲ್ಲರೂ ಒಂದೊಂದು ಭಾಗವನ್ನು ನಡೆಸುತ್ತಾರೆ. ಗೊಬ್ಬರದ ಅಂಕಣವು ಎಂಜಿನಿಯರಿಗೂ, ಬೀದಿಯ ಗುಡಿಸಾಟವು ನಿರೀಕ್ಷಕರಿಗೂ, ಮನೆಯವರಿಗೆ ತಿಳಿಯಹೇಳುವುದು ಸಂಘಟಕರಿಗೂ ಸೇರಿದುದಾದರೆ, ಈ ಮೂರನ್ನೂ ಜೋಡಿಸುವ ಕೊಂಡಿ ಯಾರದೆಂಬುದು ಅನೇಕ ವೇಳೆ ಅನಿಶ್ಚಿತವಾಗಿಯೇ ಉಳಿಯುತ್ತದೆ. ‘ಸಂಯೋಜಕ’ನೆಂಬ ಹೆಸರು ಈ ಕೊಂಡಿಗೆ ಸಲ್ಲುವ ಹೆಸರು. ನಿಷ್ಪ್ರಯೋಜಕವಾದುದು ಲೋಕದಲ್ಲಿ ಯಾವುದೂ ಇಲ್ಲವೆಂದೂ, ಪ್ರಯೋಜನವನ್ನು ಕಂಡು ಹೊಂದಿಸುವವನೇ ವಿರಳನೆಂದೂ ಸಂಸ್ಕೃತ ಸುಭಾಷಿತಕಾರರು ಎಣಿಸಿದ್ದುದು ಇಲ್ಲಿ ನೆನಪಿಗೆ ಬರತಕ್ಕ ಮಾತು.

ಕನ್ನಡದಲ್ಲಿ ಈ ಕಾರ್ಯಕ್ಕೆ ಒಪ್ಪುವ ದೇಶ್ಯಧಾತು ‘ಆಯ್’ ಎಂಬುದು. ಬಿದ್ದುದನ್ನು ಹೆಕ್ಕಿ ಕೂಡಿಸುವುದೂ, ಹಲವುಗಳಲ್ಲಿ ಬೇಕಾದುದನ್ನು ಆರಿಸುವುದೂ ಈ ಒಂದೇ ಧಾತುವಿನ ಅರ್ಥಗಳು. ಅಕ್ಕಿಯಲ್ಲಿ ಕಲ್ಲನ್ನು ಆಯುವುದು, ಚಿಂದಿಯನ್ನು ಆಯುವುದು, ಸಭೆಗೆ ಸದಸ್ಯರ ಆಯ್ಕೆ, ಇವೆಲ್ಲವೂ ಒಂದೇ ಮೂಲದಿಂದ ಬಂದವು. ಹಳಗನ್ನಡದಲ್ಲಿ ಚಿನ್ನವೆಂಬ ಅರ್ಥವುಳ್ಳ, ‘ಕವಿರಾಜಮಾರ್ಗ’ದಷ್ಟು ಹಿಂದೆಯೇ ಕಾಣಬರುವ ‘ಕಸವರ’ವೆಂಬ ಶಬ್ದಕ್ಕೂ ಕಸಕ್ಕೂ ನಂಟನ್ನು ಕಲ್ಪಿಸಿ ಆನಂದಪಡುವವರುಂಟು. ಧ್ವನಿಸಾಮ್ಯಮಾತ್ರದಿಂದ ಹಾಗೆ ಹೇಳುವುದು ಸಾಹಸವಾದೀತು. ‘ಆಯ್’ ಧಾತುವಿನ ವಿಷಯದಲ್ಲಿ ಅಂತಹ ಸಂದೇಹಕ್ಕೆ ಎಡೆಯಿಲ್ಲ. ಹೆಕ್ಕುವಿಕೆಗೂ ವಿವೇಕಕ್ಕೂ ಭಾಷೆಯೇ ಒಂದು ಮಾತನ್ನು ಕೊಟ್ಟಿದೆ.

ಬೇರೆ ದೇಶಗಳ ಚರಿತ್ರೆಯನ್ನು ನೋಡಿದರೆ, ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ಆಜ್ಞೆ ಹೊಸದಲ್ಲವೆಂಬುದು ವಿದಿತವಾಗುತ್ತದೆ. ೧೮೮೩ರ ನವೆಂಬರಿನಲ್ಲಿ, ಪ್ಯಾರಿಸ್ ನಗರವನ್ನೊಳಗೊಂಡ ಸೇನ್ ಪ್ರಾಂತದ ಆಡಳಿತಾಧಿಕಾರಿಯಾಗಿದ್ದ ಯೂಜೀನ್ ಪೂಬೆಲ್ ಎಂಬವನು ಮನೆಗಳ ಒಡೆಯರು ಮುಚ್ಚಳವುಳ್ಳ ಪಾತ್ರೆಗಳನ್ನು ಇಡಬೇಕೆಂದು ಆಜ್ಞಾಪಿಸಿದನು. ಕೊಳೆಯತಕ್ಕುದಕ್ಕೆ ಒಂದು, ಕಾಗದ ಬಟ್ಟೆಗಳಿಗೆ ಒಂದು, ಗಾಜು ಪಿಂಗಾಣಿ ಚಿಪ್ಪುಗಳಿಗೆ ಒಂದು, ಹೀಗೆ ವಿಭಾಗವು ಮೂರು. ಬೀದಿಯಲ್ಲಿ ಚಿಂದಿಯನ್ನಾಯ್ದು ಬದುಕುತ್ತಿದ್ದವರು ತಮ್ಮ ಜೀವನೋಪಾಯಕ್ಕೆ ಕುಂದು ಬಂದಿತೆಂದು ಅದನ್ನು ಪ್ರತಿಭಟಿಸಿದರು. ಫ್ರೆಂಚರು ಇಂದಿಗೂ ಕಸದ ಡಬ್ಬಿಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಮೂರು ಬಗೆಯ ವಿಭಾಗವು ಅಂದು ನೆಲೆಗೊಳ್ಳಲಿಲ್ಲ. ಡಬ್ಬಿ ಉಳಿಯಿತು, ಆಯ್ಕೆ ಉಳಿಯಲಿಲ್ಲ. ಆಜ್ಞೆಯನ್ನು ಹೊರಡಿಸುವುದು ಬೇರೆ, ಅದನ್ನು ದಿನವೂ ಮನೆಮನೆಯಲ್ಲಿ ನಡೆಯಿಸುವುದು ಬೇರೆ ಎಂಬುದಕ್ಕೆ ಇದು ಒಳ್ಳೆಯ ದೃಷ್ಟಾಂತ. ಒಂದು ಶತಮಾನದ ತರುವಾಯ, ೧೯೮೭ರಲ್ಲಿ, ಅಮೆರಿಕದ ನ್ಯೂ ಜೆರ್ಸಿ ಸಂಸ್ಥಾನವು ಮರುಬಳಕೆಯನ್ನು ಕಡ್ಡಾಯಗೊಳಿಸಿದಾಗ, ಪ್ರತಿಯೊಂದು ಪೌರಸಂಸ್ಥೆಯೂ ಈ ಕಾರ್ಯಕ್ಕೆಂದೇ ಒಬ್ಬ ಸಂಯೋಜಕನನ್ನು ಗೊತ್ತುಮಾಡಬೇಕೆಂದು ಶಾಸನದಲ್ಲಿಯೇ ವಿಧಿಸಿತು. ಆಜ್ಞೆಯ ಬೆನ್ನ ಹಿಂದೆ ಆಳು ನಿಂತದ್ದು ಹೀಗೆ.

೨. ನಾಡಿನ ಪೂರ್ವಪದ್ಧತಿ

ಮಂಡ್ಯದ ಸೀಮೆಯಲ್ಲಿ ವಸ್ತುವೊಂದನ್ನು ಮತ್ತೆ ಬಳಸುವ ವಿದ್ಯೆಯು ಹೊರಗಿನಿಂದ ಕಲಿಯಬೇಕಾದುದಲ್ಲ. ಒಕ್ಕಲಿನ ಮನೆಯ ತಿಪ್ಪೆಯನ್ನೇ ತೆಗೆದುಕೊಳ್ಳಬಹುದು. ಕೊಟ್ಟಿಗೆಯ ಸಗಣಿ, ದನವು ತಿಂದುಳಿಸಿದ ಹುಲ್ಲು, ಒಲೆಯ ಬೂದಿ, ಅಂಗಳದ ಕಸ, ಇವು ವರ್ಷವಿಡೀ ಅಲ್ಲಿ ಸೇರಿ ಕಳಿತು, ಮುಂಗಾರಿಗೆ ಮೊದಲು ಗಾಡಿಯಲ್ಲಿ ಹೊಲವನ್ನು ಮುಟ್ಟುತ್ತಿದ್ದವು. ಪೇಟೆಯ ಮಾತಿನಲ್ಲಿ ‘ತಿಪ್ಪೆ ಸಾರಿಸುವುದು’ ಎಂದರೆ ತಪ್ಪನ್ನು ಮುಚ್ಚಿಡುವುದು. ಹಳ್ಳಿಯ ಬಾಳಿನಲ್ಲಾದರೋ ತಿಪ್ಪೆಗೆ ಅಂತಹ ಹೀನಾರ್ಥವಿಲ್ಲ. ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಡುವ ಆಚಾರ ಹಲವೆಡೆಗಳಲ್ಲುಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುವ ವಾಡಿಕೆಯೂ ಕನ್ನಡನಾಡಿನಲ್ಲಿ ಪ್ರಸಿದ್ಧವೇ. ಬಿಸುಟುದರಿಂದ ಬಾಳು ಮೂಡುವುದೆಂಬ ನಂಬಿಕೆ ಈ ಆಚಾರಗಳ ಹಿಂದೆ ಕಾಣುತ್ತದೆ.

ಕನ್ನಂಬಾಡಿಯ ಕಟ್ಟೆಯಿಂದ ನಾಲೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಕಬ್ಬು ಹಬ್ಬಿತು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು; ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬಿನೊಡನೆ ಬೆಳೆದ ಎರಡು ಉದ್ಯಮಗಳಲ್ಲಿಯೂ ‘ಕಸ’ವೆಂಬ ಭಾವನೆಗೆ ಹೆಚ್ಚು ಎಡೆಯಿರಲಿಲ್ಲ. ಆಲೆಮನೆಯಲ್ಲಿ ಗಾಣದಿಂದ ಹೊರಬಂದ ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ, ಅದೇ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಕೆಳಗೆ ಉರಿಸುತ್ತಾರೆ. ಬೆಲ್ಲವನ್ನು ಕಾಯಿಸುವ ಸೌದೆ ಕಬ್ಬಿನಿಂದಲೇ ಒದಗುತ್ತದೆ. ಸಕ್ಕರೆಯ ಕಾರ್ಖಾನೆಯಲ್ಲಿ ಸಿಪ್ಪೆಯು ಉಗಿಗೂ, ಕಾಕಂಬಿಯು ಮದ್ಯಸಾರಕ್ಕೂ, ರಸವನ್ನು ಸೋಸಿ ಉಳಿದ ಮಡ್ಡಿಯು ಗೊಬ್ಬರಕ್ಕೂ ಸಲ್ಲುತ್ತವೆ. ಮಳವಳ್ಳಿ, ಮದ್ದೂರು ಕಡೆಗಳ ರೇಷ್ಮೆಯ ಬೇಸಾಯದಲ್ಲಿ ಹುಳು ತಿಂದುಳಿಸಿದ ಹಿಪ್ಪುನೇರಳೆಯ ಕಡ್ಡಿಯೂ ಹುಳುವಿನ ಹಿಕ್ಕೆಯೂ ತಿರುಗಿ ತೋಟದ ಮಣ್ಣಿಗೆ ಹೋಗುತ್ತವೆ.

ಈ ಉದಾಹರಣೆಗಳಲ್ಲೆಲ್ಲ ಸಾಮಾನ್ಯವಾದ ಲಕ್ಷಣವೊಂದುಂಟು. ಇಲ್ಲಿ ವಸ್ತುಗಳು ಒಂದರೊಡನೊಂದು ಬೆರೆಯುವುದಿಲ್ಲ. ಸಿಪ್ಪೆಯು ಸಿಪ್ಪೆಯಾಗಿಯೂ, ಕಾಕಂಬಿಯು ಕಾಕಂಬಿಯಾಗಿಯೂ ಬೇರೆ ಬೇರೆ ದಾರಿಯಲ್ಲಿ ಹೊರಬರುತ್ತದೆ. ಆದಕಾರಣ ಅವುಗಳಿಗೆ ಬೆಲೆಯುಂಟು. ಬೆರೆತ ಮೇಲೆ ಅವೇ ವಸ್ತುಗಳು ಯಾರಿಗೂ ಬೇಡವಾಗುವುವು.

೩. ವೃತ್ತವು ಮುರಿದ ಬಗೆ

ಮಂಡ್ಯ ನಗರದ ಜನಸಂಖ್ಯೆಯು ೨೦೧೧ರ ಜನಗಣತಿಯ ವೇಳೆಗೆ ೧,೩೦,೦೦೦ವನ್ನು ಮೀರಿತ್ತು. ಮದ್ದೂರು, ಮಳವಳ್ಳಿಗಳು ಬಹುಕಾಲ ಪುರಸಭೆಗಳಾಗಿ ಬೆಳೆದ ಚಿಕ್ಕ ಊರುಗಳು. ಊರು ದೊಡ್ಡದಾದಂತೆ ಮನೆಗೂ ಹೊಲಕ್ಕೂ ನಡುವೆ ದೂರ ಬೆಳೆಯಿತು. ತಿಪ್ಪೆಗೆ ಜಾಗವಿಲ್ಲದ ಮನೆಯಲ್ಲಿ ತರಕಾರಿಯ ಸಿಪ್ಪೆಯೂ ಮುರಿದ ಗಾಜೂ ಒಂದೇ ಬುಟ್ಟಿಯನ್ನು ಸೇರತೊಡಗಿದವು.

ಪಟ್ಟಣದ ಕಸವನ್ನು ಹೊಲಕ್ಕೆ ಹಿಂದಿರುಗಿಸುವ ಶಾಸ್ತ್ರೀಯ ಪ್ರಯತ್ನವು ಮೈಸೂರು ಸೀಮೆಯಲ್ಲಿಯೇ ನಡೆದುದು ಸ್ಮರಣೀಯ. ಸರ್ ಆಲ್ಬರ್ಟ್ ಹೋವರ್ಡ್ ಇಂದೂರಿನಲ್ಲಿ ೧೯೨೪ರಿಂದ ೧೯೩೧ರವರೆಗೆ ನಡೆಸಿದ ಪ್ರಯೋಗಗಳ ತರುವಾಯ, ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಗುಂಡಿಗಳಲ್ಲಿ ಪದರಪದರವಾಗಿ ಹಾಕಿ ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ‘ಬೆಂಗಳೂರು ಪದ್ಧತಿ’ಯೆಂದು ಅದು ಕೃಷಿಶಾಸ್ತ್ರದ ಗ್ರಂಥಗಳಲ್ಲಿ ಇಂದಿಗೂ ಹೆಸರಾಗಿದೆ. ಆ ಕಾಲದ ಪಟ್ಟಣದ ಕಸದಲ್ಲಿ ಎಲೆ, ಬೂದಿ, ಧೂಳು, ಅಡಿಗೆಯ ಮನೆಯ ಉಳಿಕೆ ಇವೇ ಪ್ರಧಾನವಾಗಿದ್ದುದರಿಂದ ಗುಂಡಿಯಿಂದ ಬಂದುದನ್ನು ರೈತನು ನಿಸ್ಸಂಕೋಚವಾಗಿ ಹೊಲಕ್ಕೆ ಹಾಕಬಹುದಾಗಿದ್ದಿತು. ಪ್ಲಾಸ್ಟಿಕ್ಕು, ಬ್ಯಾಟರಿ, ಬಣ್ಣದ ಡಬ್ಬಿ, ಔಷಧದ ಹಾಳೆ, ಇವು ಬೆರೆತ ಮೇಲೆ ಆ ನಂಬಿಕೆ ಅಳಿಯಿತು. ಗೊಬ್ಬರವಾಗಬೇಕಾಗಿದ್ದುದು ಊರಾಚೆಯ ರಾಶಿಯಾಯಿತು. ರಾಶಿಯಿಂದ ಇಳಿದ ಕಪ್ಪು ನೀರು ಬಾವಿಯನ್ನೂ, ಹೊತ್ತಿಕೊಂಡ ಹೊಗೆಯು ನೆರೆಯ ಹಳ್ಳಿಯನ್ನೂ ಮುಟ್ಟಿತು. ಬೆಂಗಳೂರಿನ ಕಸವನ್ನು ಸುರಿಯುತ್ತಿದ್ದ ಮಾವಳ್ಳಿಪುರದಲ್ಲಿ ೨೦೧೨ರಲ್ಲಿಯೂ, ಮಂಡೂರಿನಲ್ಲಿ ೨೦೧೪ರಲ್ಲಿಯೂ ಹಳ್ಳಿಗರ ಪ್ರತಿರೋಧದಿಂದ ಸುರಿಯುವುದು ನಿಂತಿತು. ಒಂದು ಊರಿನ ನೈರ್ಮಲ್ಯವನ್ನು ಮತ್ತೊಂದು ಊರಿನ ಬಾವಿಯಿಂದ ಕೊಳ್ಳಲಾಗದೆಂಬುದು ಆಗ ಎಲ್ಲರಿಗೂ ಸ್ಪಷ್ಟವಾಯಿತು.

ಕಾನೂನು ಈ ದಾರಿಯನ್ನು ನಿಧಾನವಾಗಿ ಹಿಂಬಾಲಿಸಿತು. ೧೯೯೬ರಲ್ಲಿ ಅಲ್ಮಿತ್ರಾ ಪಟೇಲರು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತದ ಮೊಕದ್ದಮೆಯ ಫಲವಾಗಿ ೨೦೦೦ದಲ್ಲಿ ಪೌರ ಘನತ್ಯಾಜ್ಯದ ನಿಯಮಗಳು ಹೊರಟವು. ೨೦೧೬ರ ನಿಯಮಗಳು ಕೊಳೆಯುವುದು, ಕೊಳೆಯದುದು, ಮನೆಯ ಅಪಾಯಕರ ವಸ್ತು ಎಂದು ಮೂರು ಭಾಗಗಳನ್ನು ಮನೆಯವರೇ ಮಾಡಬೇಕೆಂದು ವಿಧಿಸಿದವು. ದಿನಕ್ಕೆ ೧೦೦ ಕಿಲೋಗ್ರಾಮಿಗಿಂತ ಹೆಚ್ಚು ಕಸವನ್ನು ಹೊರಡಿಸುವವರನ್ನು ಪ್ರತ್ಯೇಕವಾಗಿ ಹೊಣೆಗಾರರನ್ನಾಗಿ ಮಾಡಿದವು. ೨೦೨೬ರ ಜನವರಿಯಲ್ಲಿ ಪ್ರಕಟವಾದ ನಿಯಮಗಳು ವಿಭಾಗವನ್ನು ನಾಲ್ಕಕ್ಕೆ ಏರಿಸಿದವು. ಇದರ ನಡುವೆ, ೨೦೧೬ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ಕಿನ ಕೈಚೀಲ ಮೊದಲಾದುವನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧವು ದೇಶಾದ್ಯಂತ ಜಾರಿಗೆ ಬಂದಿತು. ನಿಯಮಗಳಿಗೆ ಕೊರತೆಯಿಲ್ಲ. ಪೂಬೆಲ್ಲನ ಆಜ್ಞೆಗೆ ಒದಗಿದ ಗತಿಯು ಇವುಗಳಿಗೂ ಒದಗದಂತೆ ನೋಡಿಕೊಳ್ಳುವವರು ಬೇಕಾಗಿರುವುದು.

೪. ಸಂಯೋಜಕನ ದೈನಂದಿನ ಕಾರ್ಯ

ಸಂಯೋಜಕನ ಮೊದಲ ಕ್ಷೇತ್ರವು ಮನೆಯ ಬಾಗಿಲು. ಹಸಿ ಕಸ ಬೇರೆ, ಒಣ ಕಸ ಬೇರೆ ಎಂಬುದನ್ನು ಆಟೋ ಟಿಪ್ಪರು ಧ್ವನಿವರ್ಧಕದಿಂದ ಸಾರಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಬೇರ್ಪಡಿಸಿ ಕೊಟ್ಟ ಮನೆಯಾಕೆಯು ತನ್ನ ಎರಡು ಬುಟ್ಟಿಗಳೂ ಗಾಡಿಯ ಒಂದೇ ಗೂಡಿಗೆ ಸುರಿಯಲ್ಪಡುವುದನ್ನು ಒಮ್ಮೆ ಕಂಡಳೆಂದರೆ ಮರುದಿನದಿಂದ ಬೇರ್ಪಡಿಸುವುದಿಲ್ಲ. ಆಕೆಯನ್ನು ಮತ್ತೆ ಒಲಿಸಲು ತಿಂಗಳುಗಳೇ ಬೇಕು. ಆದಕಾರಣ ಗಾಡಿಯಲ್ಲಿ ಎರಡು ಗೂಡುಗಳಿರುವಂತೆಯೂ, ಅವು ಇಳಿಯುವ ಸ್ಥಳಗಳು ಬೇರೆಯಾಗಿರುವಂತೆಯೂ ಮೊದಲು ಏರ್ಪಡಿಸಿ, ಆಮೇಲೆ ಮನೆಯವರನ್ನು ಕೇಳಿಕೊಳ್ಳುವುದೇ ಸರಿಯಾದ ಕ್ರಮ. ಬರುವ ಹೊತ್ತು ಗೊತ್ತಾಗಿರಬೇಕು. ಗಾಡಿ ಎರಡು ದಿನ ತಪ್ಪಿದರೆ ಮೂರನೆಯ ದಿನ ಬೀದಿಯ ಮೂಲೆಯಲ್ಲಿ ರಾಶಿ ಹುಟ್ಟುತ್ತದೆ.

ಎರಡನೆಯ ಕ್ಷೇತ್ರವು ಗೊಬ್ಬರದ ಅಂಕಣ. ಈ ದೇಶದ ಊರುಗಳ ಕಸದಲ್ಲಿ ತೂಕದ ಮೇಲೆ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಹಸಿಯಾದುದೇ ಆಗಿರುತ್ತದೆ. ಅಡಿಗೆಯ ಮನೆಯ ಉಳಿಕೆಯಲ್ಲಿ ನೀರೂ ಸಾರಜನಕವೂ ಹೆಚ್ಚು, ಇಂಗಾಲ ಕಡಮೆ. ಅದನ್ನೇ ಒಂಟಿಯಾಗಿ ಗುಡ್ಡೆ ಹಾಕಿದರೆ ಗಾಳಿಯಾಡದೆ ನಾರುತ್ತದೆ, ನೊಣ ಮುತ್ತುತ್ತದೆ, ನೆರೆಯವರು ದೂರುತ್ತಾರೆ. ಸಾರಜನಕದ ಒಂದು ಪಾಲಿಗೆ ಇಂಗಾಲದ ೨೫ರಿಂದ ೩೦ ಪಾಲು ಇರುವಂತೆ ಒಣ ತರಗನ್ನು ಬೆರಸಿ, ಆಗಾಗ ಮಗುಚುತ್ತ ಬಂದರೆ, ರಾಶಿಯು ೫೫ ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ತಾನಾಗಿಯೇ ಕಾಯುತ್ತದೆ. ರೋಗಾಣುಗಳೂ ಕಳೆಯ ಬೀಜಗಳೂ ಆ ಕಾವಿನಲ್ಲಿ ನಶಿಸುವುವು. ಮಂಡ್ಯದ ಸೀಮೆಗೆ ವಿಶೇಷವಾದ ಸಂಗತಿಯೊಂದು ಇಲ್ಲಿ ವಿಚಾರಾರ್ಹ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ಒಣ ಸೋಗೆಯನ್ನು ಅನೇಕ ರೈತರು ಅಲ್ಲಿಯೇ ಸುಟ್ಟುಬಿಡುತ್ತಾರೆ. ಗೊಬ್ಬರದ ಅಂಕಣಕ್ಕೆ ಕೊರತೆಯಾದ ವಸ್ತು ಯಾವುದೋ ಅದೇ ವಸ್ತುವು ಊರ ಹೊರಗಿನ ಗದ್ದೆಯಲ್ಲಿ ಹೊಗೆಯಾಗುತ್ತದೆ. ಸೋಗೆಯನ್ನು ಅಂಕಣಕ್ಕೆ ತಂದ ಗಾಡಿಯು ಗೊಬ್ಬರವನ್ನು ಹೇರಿಕೊಂಡು ಹಿಂದಿರುಗುವಂತೆ ಏರ್ಪಾಡಾದರೆ, ಮುರಿದುಹೋದ ವೃತ್ತವು ಒಂದೆಡೆಯಲ್ಲಾದರೂ ಕೂಡಿಕೊಳ್ಳುತ್ತದೆ. ಇದಕ್ಕೆ ಬೇಕಾದುದು ದೊಡ್ಡ ಯಂತ್ರವಲ್ಲ. ಪೌರಸಂಸ್ಥೆ, ಕೃಷಿ ಇಲಾಖೆ, ರೈತ ಈ ಮೂವರೊಡನೆಯೂ ಮಾತಾಡಬಲ್ಲ ಒಬ್ಬ ಮನುಷ್ಯ.

ಮೂರನೆಯದು ಒಣ ಕಸದ ವಿಂಗಡಣೆ. ರಟ್ಟು, ರದ್ದಿ ಕಾಗದ, ನೀರಿನ ಸೀಸೆ, ಹಾಲಿನ ಚೀಲ, ತಗಡು, ಗಾಜು, ಇವು ಒಂದೊಂದಕ್ಕೂ ಒಂದೊಂದು ಮಾರುಕಟ್ಟೆಯುಂಟು. ಅವುಗಳ ಬೆಲೆಯನ್ನೂ ನಡೆಯನ್ನೂ ಬಲ್ಲವರು ಗುಜರಿಯ ವ್ಯಾಪಾರಿಗಳು. ಇವರನ್ನು ಎದುರಾಳಿಗಳೆಂದು ಕಾಣದೆ ಗುರುಗಳೆಂದು ಕಾಣುವ ಸಂಯೋಜಕನು ಬೇಗ ಕಲಿಯುತ್ತಾನೆ. ಯಾರೂ ಕೊಳ್ಳದೆ ಉಳಿಯುವುದು ಹಲವು ಪದರಗಳ ತಿಂಡಿಯ ಪೊಟ್ಟಣಗಳು. ಇವು ಸಿಮೆಂಟು ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಹೋಗಬಲ್ಲವು; ಆದರೆ ಹಗುರವಾದ ಈ ವಸ್ತುವನ್ನು ದೂರ ಸಾಗಿಸುವ ವೆಚ್ಚವು ಚಿಕ್ಕ ಊರಿನ ಶಕ್ತಿಗೆ ಮೀರಿದುದು. ಪೊಟ್ಟಣಗಳನ್ನು ಮಾರುಕಟ್ಟೆಗೆ ಬಿಟ್ಟ ಉತ್ಪಾದಕರೇ ಅವುಗಳ ವಿಲೇವಾರಿಗೆ ಹೊಣೆಯೆಂದು ೨೦೨೨ರ ಮಾರ್ಗಸೂಚಿಗಳು ಸ್ಪಷ್ಟಪಡಿಸಿವೆ. ಆ ಹೊಣೆಯು ಮಳವಳ್ಳಿಯಂತಹ ಊರನ್ನು ಮುಟ್ಟಬೇಕಾದರೆ ಅಲ್ಲಿ ತೂಕದ ಲೆಕ್ಕವನ್ನಿಟ್ಟು ಪತ್ರವ್ಯವಹಾರ ನಡೆಸುವವನೊಬ್ಬನಿರಬೇಕು. ಮಂಡ್ಯ, ಮದ್ದೂರು, ಮಳವಳ್ಳಿಗಳು ಒಂದು ದಿನದಲ್ಲಿ ಸುತ್ತಿಬರಬಹುದಾದಷ್ಟು ಹತ್ತಿರದ ಊರುಗಳು. ಒಂದೊಂದರಲ್ಲಿ ಲಾರಿ ತುಂಬಲು ವಾರಗಳು ಹಿಡಿಯುವ ವಸ್ತುವು ಮೂರನ್ನೂ ಕೂಡಿಸಿದರೆ ಬೇಗ ತುಂಬುತ್ತದೆ; ಹೆಚ್ಚು ಸರಕಿಗೆ ಹೆಚ್ಚು ಬೆಲೆಯೂ ದೊರೆಯುತ್ತದೆ. ಮೂರು ಊರಿಗೂ ಸೇರಿ ಒಂದು ಸಂಯೋಜನೆಯಿರಬೇಕೆಂಬುದಕ್ಕೆ ಇದೊಂದು ಪ್ರಬಲವಾದ ಕಾರಣ.

ಊರೂರಿಗೂ ಕಸದ ಸ್ವಭಾವ ಭಿನ್ನವಾಗಿರುವುದನ್ನು ಅರಿಯುವುದು ನಾಲ್ಕನೆಯ ಕಾರ್ಯ. ಮದ್ದೂರಿನ ಎಳನೀರಿನ ಮಾರುಕಟ್ಟೆಯು ಬಹಳ ದೊಡ್ಡದು. ಅಲ್ಲಿಂದ ದೂರದ ಪಟ್ಟಣಗಳಿಗೆಲ್ಲ ಲಾರಿಗಳು ಹೋಗುತ್ತವೆ. ಕುಡಿದು ಎಸೆದ ಬುರುಡೆಯು ಕೊಳೆಯತಕ್ಕ ವಸ್ತುವೇ ಆದರೂ ನಾರಿನ ದೆಸೆಯಿಂದ ಬಹು ನಿಧಾನವಾಗಿ ಕೊಳೆಯುತ್ತದೆ. ಇಡಿಯಾಗಿ ಗುಡ್ಡೆ ಬಿದ್ದರೆ ಮಳೆಯ ನೀರು ನಿಂತು, ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಯಂತ್ರದಲ್ಲಿ ಸೀಳಿ ಪುಡಿಮಾಡಿದರೆ ಅದೇ ಬುರುಡೆಯು ನಾರೂ ತೋಟಕ್ಕೆ ತೇವವನ್ನು ಹಿಡಿದಿಡುವ ಹೊದಿಕೆಯೂ ಆಗುತ್ತದೆ. ಬೆಂಗಳೂರು ಮೈಸೂರುಗಳ ನಡುವಣ ಹೆದ್ದಾರಿಯ ಊರಾದ ಮದ್ದೂರಿಗೆ ವಡೆಯ ಖ್ಯಾತಿಯೊಡನೆ ತಿಂದೆಸೆದ ಎಲೆ, ಕಾಗದದ ಲೋಟಗಳೂ ಬರುತ್ತವೆ; ಅವನ್ನು ತಂದವರು ಊರಿನ ತೆರಿಗೆದಾರರಲ್ಲ, ಹಾದುಹೋಗುವವರು. ಮಳವಳ್ಳಿಯ ಸ್ಥಿತಿ ಬೇರೆ. ಆ ತಾಲ್ಲೂಕಿನ ಶಿವನಸಮುದ್ರ, ಮುತ್ತತ್ತಿಗಳಿಗೆ ಬರುವ ಯಾತ್ರಿಕರು ಬಿಟ್ಟುಹೋದುದನ್ನು ಹೊತ್ತೊಯ್ಯಲು ಕಾವೇರಿಯೇ ಪಕ್ಕದಲ್ಲಿದೆ. ಮಂಡ್ಯದಲ್ಲಿ ಕಲ್ಯಾಣಮಂಟಪಗಳು, ಹೋಟೆಲುಗಳು, ವಿದ್ಯಾರ್ಥಿನಿಲಯಗಳು ಹೆಚ್ಚು. ಲಗ್ನದ ಕಾಲದ ಬಾಳೆಯೆಲೆ, ಉಳಿದ ಅನ್ನ, ಹೂವು ಇವು ಒಂದೇ ದಿನದಲ್ಲಿ ಅಂಕಣವನ್ನು ಮುಳುಗಿಸಬಲ್ಲವು. ಹೀಗಿರಲಾಗಿ, ರಾಜಧಾನಿಯಿಂದ ಬರುವ ಸುತ್ತೋಲೆಯೊಂದು ಮೂರು ಊರಿಗೂ ಒಂದೇ ರೀತಿಯಾಗಿ ಅನ್ವಯಿಸಲಾರದು. ಪಂಚಾಂಗದಲ್ಲಿ ಲಗ್ನದ ದಿನಗಳನ್ನು ನೋಡಿ ಗಾಡಿಗಳನ್ನು ಗೊತ್ತುಮಾಡುವ ಸಂಯೋಜಕನೇ ಊರನ್ನು ಬಲ್ಲವನು.

೫. ಆಯುವವರು

ಇದುವರೆಗೆ ಹೇಳಿದ ಕಾರ್ಯಗಳೆಲ್ಲ ಕೊನೆಗೆ ಮನುಷ್ಯರ ಕೈಯಿಂದ ನಡೆಯತಕ್ಕುವು. ಆ ಕೈಗಳು ಯಾರವೆಂಬ ಪ್ರಶ್ನೆಯನ್ನು ಬಿಟ್ಟು ಈ ವಿಷಯವನ್ನು ಚರ್ಚಿಸುವುದು ಅರ್ಧ ಚರ್ಚೆ. ಈ ದೇಶದಲ್ಲಿ ಕಸವನ್ನು ಮುಟ್ಟುವ ಕೆಲಸವು ಜಾತಿಯ ಹೊರೆಯಾಗಿ ಕೆಲವು ಮನೆತನಗಳ ಮೇಲೆ ಬಿದ್ದಿತ್ತು. ಇಂದಿಗೂ ಅದು ಪೂರ್ಣವಾಗಿ ಇಳಿದಿಲ್ಲ. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಸಾಹಿತ್ಯದ ಅಧ್ಯಾಪಕರಿಗೆ ಅವರ ಹೆಸರು ಪರಿಚಿತವಾಗಿರುವುದು ೧೯೭೩ರ ‘ಬೂಸಾ’ ಪ್ರಕರಣದಿಂದ. ಕನ್ನಡ ಸಾಹಿತ್ಯವನ್ನು ಕುರಿತ ಆ ಒಂದು ಮಾತಿಗೆ ಎದ್ದ ಕೋಲಾಹಲವೂ, ಅದರ ಬೆನ್ನಿಗೆ ಬೆಳೆದ ದಲಿತ ಸಾಹಿತ್ಯವೂ ಪಾಠಪುಸ್ತಕಗಳನ್ನು ಸೇರಿವೆ. ಮಲದ ಬುಟ್ಟಿಯನ್ನು ತಲೆಯಿಂದ ಇಳಿಸಿದವರೂ ಅವರೇ ಎಂಬುದನ್ನು ಆ ಪಾಠದ ಜೊತೆಯಲ್ಲಿಯೇ ಹೇಳುವುದು ನ್ಯಾಯ.

ಆ ದೃಷ್ಟಿಯಿಂದ ನೋಡಿದರೆ, ಮನೆಯಲ್ಲಿಯೇ ಕಸವನ್ನು ಬೇರ್ಪಡಿಸುವುದು ಕೇವಲ ಗೊಬ್ಬರದ ಅನುಕೂಲಕ್ಕಾಗಿ ಅಲ್ಲವೆಂಬುದು ಅರ್ಥವಾಗುತ್ತದೆ. ಮನೆಯಲ್ಲಿ ಆಗದ ವಿಂಗಡಣೆಯನ್ನು ಯಾರಾದರೊಬ್ಬರು ರಾಶಿಯ ಬಳಿ ಕುಳಿತು ಮಾಡಲೇಬೇಕು. ಕೊಳೆತ ಅನ್ನದ ನಡುವಿನಿಂದ ಸೀಸೆಯನ್ನು ಹೆಕ್ಕುವ ಕೈಗೆ ಗಾಜು ತಗಲುತ್ತದೆ, ಸೂಜಿ ಚುಚ್ಚುತ್ತದೆ. ಮನೆಯಾಕೆಯ ಎರಡು ನಿಮಿಷದ ಉದಾಸೀನವು ಮತ್ತೊಬ್ಬಾಕೆಯ ದಿನದ ಕೂಲಿಯಾಗಿ, ಗಾಯವಾಗಿ ಪರಿಣಮಿಸುತ್ತದೆ. ಶುಚಿಯಾದ ಒಣ ಕಸವನ್ನು ಮೇಜಿನ ಮೇಲೆ ಹರಡಿ, ಕೈಚೀಲ ತೊಟ್ಟು ವಿಂಗಡಿಸುವುದಾದರೋ ಇತರ ಉದ್ಯೋಗಗಳಂತೆ ಒಂದು ಉದ್ಯೋಗ. ವಸ್ತು ಅದೇ, ಬೇರೆಯಾದುದು ಆಯ್ಕೆ ನಡೆದ ಸ್ಥಳ.

ಆಯುವವರ ವಿಷಯದಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪ್ರಮಾದವನ್ನು ಇಲ್ಲಿ ಪುನಃ ಮಾಡಬೇಕಾದುದಿಲ್ಲ. ಪೌರಸಂಸ್ಥೆಯು ಒಣ ಕಸವನ್ನು ತಾನೇ ಕೂಡಿಸತೊಡಗಿದರೆ ಬೀದಿಯಲ್ಲಿ ಆಯ್ದು ಬದುಕುತ್ತಿದ್ದವರ ಅನ್ನ ಹೋಗುತ್ತದೆ. ಅವರನ್ನು ಗುರುತಿಸಿ ವ್ಯವಸ್ಥೆಯೊಳಕ್ಕೆ ಸೇರಿಸಿಕೊಳ್ಳಬೇಕೆಂದು ೨೦೧೬ರ ನಿಯಮಗಳೇ ಹೇಳಿದವು; ಬೆಂಗಳೂರಿನಲ್ಲಿ ೨೦೧೧ರಿಂದಲೇ ಚಿಂದಿ ಆಯುವವರಿಗೆ ಗುರುತಿನ ಚೀಟಿಗಳನ್ನು ಕೊಡುವ ಕ್ರಮ ಮೊದಲಾಗಿ, ಮುಂದೆ ಒಣ ಕಸದ ಕೇಂದ್ರಗಳಲ್ಲಿ ಕೆಲವನ್ನು ಅವರೇ ನಡೆಸುವಂತಾಯಿತು. ಮಂಡ್ಯದಂತಹ ಊರಿನಲ್ಲಿ ಅವರ ಸಂಖ್ಯೆ ಕಡಮೆ; ಕಡಮೆಯಾದುದರಿಂದಲೇ ಅವರನ್ನು ಮರೆಯುವುದೂ ಸುಲಭ. ಅವರನ್ನು ಹೆಸರು ಹಿಡಿದು ಬಲ್ಲವನಾಗಿರುವುದು ಸಂಯೋಜಕನ ಕರ್ತವ್ಯಗಳಲ್ಲೊಂದು.

ಕನ್ನಡದ ಪರಂಪರೆಯಲ್ಲಿ ಈ ಕಾಯಕಕ್ಕೆ ಗೌರವದ ಸ್ಥಾನವು ಇಲ್ಲದೆ ಇಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನಿಗೆ ಆ ಕಾಯಕವೇ ಹೆಸರಾಗಿ ‘ಆಯ್ದಕ್ಕಿ’ಯೆಂಬ ವಿಶೇಷಣ ನಿಂತಿತು. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ಅತಿಯಾಸೆಯೆಂದು ಆತನ ಸತಿ ಲಕ್ಕಮ್ಮನು ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದಳೆಂಬುದು ಪ್ರಸಿದ್ಧ ಕಥೆ. ಆಯುವುದರಲ್ಲಿ ಎರಡು ವಿವೇಕಗಳುಂಟೆಂಬುದು ಈ ಕಥೆಯಿಂದ ಹೊರಡುತ್ತದೆ: ಬಿದ್ದುದರಲ್ಲಿ ಬೆಲೆಯನ್ನು ಕಾಣುವುದು ಒಂದು, ಬೇಕಾದುದಕ್ಕಿಂತ ಹೆಚ್ಚನ್ನು ತರದಿರುವುದು ಮತ್ತೊಂದು. ಎರಡನೆಯದು ಮರುಬಳಕೆಗಿಂತಲೂ ಮೊದಲು ಬರತಕ್ಕ ಧರ್ಮ. ಮನೆಗೆ ಬಾರದ ಚೀಲವನ್ನು ಬೇರ್ಪಡಿಸಬೇಕಾಗುವುದಿಲ್ಲ.

೬. ಅಳತೆಯ ಪ್ರಶ್ನೆ

ಸಂಯೋಜಕನ ಕಾರ್ಯವನ್ನು ಯಾವುದರಿಂದ ಅಳೆಯಬೇಕೆಂಬುದು ಉಳಿದ ವಿಷಯ. ಸಾಗಿಸಿದ ಟನ್ನುಗಳಿಂದ ಅಳೆಯುವುದು ಆಡಳಿತದ ವಾಡಿಕೆ. ಆ ಅಳತೆಯಿಂದ, ಹೆಚ್ಚು ಕಸ ಹುಟ್ಟಿದ ಊರೇ ಹೆಚ್ಚು ಕೆಲಸ ಮಾಡಿದ ಊರಾಗುವುದು. ಓಡಿದ ಗಾಡಿಗಳ ಸಂಖ್ಯೆ, ಹಂಚಿದ ಬುಟ್ಟಿಗಳ ಸಂಖ್ಯೆ, ಇವೂ ಇಂಥವೇ. ಬುಟ್ಟಿ ಉಳಿದು ಆಯ್ಕೆ ಅಳಿಯಬಹುದೆಂಬುದನ್ನು ಮೇಲೆ ತೋರಿಸಿದೆ.

ಇದಕ್ಕಿಂತ ಉತ್ತಮವಾದ ಅಳತೆ ರೈತನ ಅಂಗೈಯಲ್ಲಿದೆ. ನಗರದ ಗೊಬ್ಬರಕ್ಕೆ ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯಡಿಯಲ್ಲಿ ಜಾಳಿಗೆಯ ಅಳತೆ, ತೇವ, ಭಾರಲೋಹಗಳ ಮಿತಿ ಮುಂತಾದ ಪ್ರಮಾಣಗಳು ಗೊತ್ತಾಗಿವೆ, ಅವು ಆವಶ್ಯಕವಾದುವೇ. ಆದರೆ ಕಬ್ಬಿನ ಗದ್ದೆಯವನು ಪ್ರಮಾಣಪತ್ರವನ್ನು ನೋಡುವುದಕ್ಕೆ ಮೊದಲು ಗೊಬ್ಬರವನ್ನು ಹಿಡಿಯಲ್ಲಿ ತೆಗೆದುಕೊಂಡು ಹಿಸುಕಿ ನೋಡುತ್ತಾನೆ. ಅದರಲ್ಲಿ ಪ್ಲಾಸ್ಟಿಕ್ಕಿನ ಚೂರೊಂದು ಸಿಕ್ಕಿದರೆ ಆತನು ಮತ್ತೆ ಬರುವುದಿಲ್ಲ. ಸಿಕ್ಕದಿದ್ದರೆ ಮುಂದಿನ ವರ್ಷ ಗಾಡಿಯನ್ನು ತಾನೇ ಹೂಡಿಕೊಂಡು ಬರುತ್ತಾನೆ. ಆ ಒಂದು ಹಿಡಿಯಲ್ಲಿ ಮನೆಯಾಕೆಯ ಎಚ್ಚರ, ಗಾಡಿಯವನ ನಿಷ್ಠೆ, ವಿಂಗಡಿಸಿದವಳ ಶ್ರಮ, ಸಂಯೋಜಕನ ಏರ್ಪಾಡು ಎಲ್ಲವೂ ಒಟ್ಟಿಗೆ ಪರೀಕ್ಷಿಸಲ್ಪಡುತ್ತವೆ. ಊರಿನ ಪಾಲಿಗೆ ಪಣವಾಗಿರುವುದೂ ಅದೇ: ಹೊಲದಿಂದ ಬಂದ ಅನ್ನದ ಉಳಿಕೆಯು ಹೊಲಕ್ಕೆ ಹಿಂದಿರುಗಬೇಕೇ, ಇಲ್ಲವೆ ನೆರೆಯ ಹಳ್ಳಿಯ ಬಾವಿಗೆ ಇಳಿಯಬೇಕೇ ಎಂಬುದು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಜನಕ್ಕೆ ಸಿಪ್ಪೆಯಿಂದ ಉರಿಯನ್ನೂ, ಮಡ್ಡಿಯಿಂದ ಗೊಬ್ಬರವನ್ನೂ ಪಡೆಯುವ ವಿದ್ಯೆ ತಲೆತಲೆಮಾರಿನಿಂದ ಬಂದಿದೆ. ಊರಿನ ಕಸದ ವಿಷಯದಲ್ಲಿ ಕೊರತೆಯಾಗಿರುವುದು ವಿದ್ಯೆಯಲ್ಲ, ಕೊಂಡಿ. ಆ ಕೊಂಡಿಗೆ ಒಂದು ಹೆಸರು, ಒಂದು ಕುರ್ಚಿ, ನಿಶ್ಚಿತವಾದ ಅಧಿಕಾರ ಇವನ್ನು ಕೊಟ್ಟು, ಅವನನ್ನು ಆಗಾಗ ಬೇರೆ ಕೆಲಸಕ್ಕೆ ಎಳೆಯದೆ ಕೆಲವು ವರ್ಷಗಳಾದರೂ ನಿಲ್ಲಗೊಡುವುದು ಪೌರಸಂಸ್ಥೆಗಳು ಮಾಡಬೇಕಾದ ಮೊದಲ ಕಾರ್ಯವೆಂದು ಹೇಳಬಹುದು.